ಎರಡು ಹಳೇ ರೇಡಿಯೊ, ಮಧ್ಯೆ ನಾನು

ಎರಡು ತಿಂಗಳಿಂದ ನನ್ನ ಶನಿವಾರಗಳು ಗೆಳೆಯನ ಮನೆಯ ಟೇಬಲ್ ಮೇಲೆ ಕಳೀತಿವೆ. ಅವನು ಲೈಸೆನ್ಸ್ ಇರೋ ಹ್ಯಾಮ್. ಕಾರಿನಲ್ಲಿ ಕೂರಿಸೋ ಎರಡು ಹಳೇ ಮೊಬೈಲ್ ರೇಡಿಯೊ (ಫೋನ್ ಅಲ್ಲ, ವೈರ್‌ಲೆಸ್ ಸೆಟ್ಟು) ಸೇರಿಸಿ ರಿಪೀಟರ್ ಮಾಡ್ತಿದ್ದಾನೆ. ನಾನು ಬೆಸುಗೆ ಹಾಕೋ ಕೂಲಿ.

ಕೇಳೋಕೆ ಸರಳ. 2 ಮೀಟರ್ ಬ್ಯಾಂಡ್‌ನ ತರಂಗಗಳು ಹೆಚ್ಚುಕಮ್ಮಿ ನೇರಕ್ಕೆ ಹೋಗ್ತವೆ, ನಡುವೆ ಗುಡ್ಡ ಬಂದ್ರೆ ಮುಗೀತು. ಆಗ ಎತ್ತರದಲ್ಲೊಂದು ಪೆಟ್ಟಿಗೆ ಇಡೋದು. ಒಂದು ರೇಡಿಯೊ ಕೇಳಿಸಿಕೊಳ್ಳತ್ತೆ, ಇನ್ನೊಂದು ಅದನ್ನೇ 600 ಕಿಲೋಹರ್ಟ್ಸ್ ಆಚೆಯ ಫ್ರೀಕ್ವೆನ್ಸಿಯಲ್ಲಿ ಹೇಳತ್ತೆ. ಮೊದಲನೇದರ ಸ್ಕ್ವೆಲ್ಚ್ ತೆರೆದಾಗ ಎರಡನೇದರ ಪಿಟಿಟಿ ಒತ್ತೋಕೆ ಒಂದು ಟ್ರಾನ್ಸಿಸ್ಟರ್, ದನಿಯ ಮಟ್ಟ ಹೊಂದಿಸೋಕೆ ಒಂದು ಪ್ರೀಸೆಟ್. ಕಾರಿನ ಸೆಟ್ಟುಗಳು ಒಂದೇ ಸಮನೆ ಮಾತಾಡೋಕೆ ಹುಟ್ಟಿದವಲ್ಲ. ಬಿಸಿಯಾಗಿ ಸಾಯ್ತವೆ ಅಂತ ಪವರ್ ಇಳಿಸಿ ಫ್ಯಾನ್ ಇಟ್ವಿ. ಅನುಮತಿ ಬರೋವರೆಗೆ ಗಾಳಿಗೆ ಬಿಡೋ ಹಾಗಿಲ್ಲ, ಹಾಗಾಗಿ ಆಂಟೆನಾ ಬದಲು ಡಮ್ಮಿ ಲೋಡ್.

ಮೊದಲ ದಿನವೇ ಸೋತ್ವಿ. ಗೆಳೆಯ ಬೀದಿ ಕೊನೆಯಿಂದ ಹ್ಯಾಂಡ್‌ಸೆಟ್‌ನಲ್ಲಿ ಕರೀತಾನೆ, ಪೆಟ್ಟಿಗೆ ಅರ್ಧ ಕ್ಷಣ ಎತ್ತಿಕೊಂಡು ಬಿಟ್ಟುಬಿಡತ್ತೆ. ಮತ್ತೆ ಎತ್ಕೊಳತ್ತೆ, ಮತ್ತೆ ಬಿಡತ್ತೆ. ‘ಡೀಸೆನ್ಸ್ ಮಗಾ’ ಅಂದ. ತಾನು ಮಾತಾಡೋಕೆ ಶುರು ಮಾಡಿದ ಕೂಡ್ಲೇ ತನ್ನದೇ ದನಿಗೆ ರಿಪೀಟರ್ ಕಿವುಡಾಗತ್ತೆ. ದೂರದಿಂದ ಬರೋ ಸಿಗ್ನಲ್ ಮೈಕ್ರೋವೋಲ್ಟ್ ಲೆಕ್ಕದ್ದು, ಪಕ್ಕದಲ್ಲಿ ಕೂತು ಕೂಗೋದು ವಾಟ್ ಲೆಕ್ಕದಲ್ಲಿ. ಎರಡರ ಮಧ್ಯೆ ಸುಮಾರು 80 ಡೆಸಿಬೆಲ್ ಗೋಡೆ ಬೇಕು, ಅಂದ್ರೆ ಹತ್ತು ಕೋಟಿ ಪಟ್ಟು. ಅದಕ್ಕೇ ಡ್ಯೂಪ್ಲೆಕ್ಸರ್ ಅನ್ನೋ ಲೋಹದ ಡಬ್ಬಗಳ ಸಾಲು. ಇಡೀ ಪ್ರಾಜೆಕ್ಟಿನ ನಿಜವಾದ ಖರ್ಚು ಮಾತಾಡಿಸೋದಕ್ಕಲ್ಲ, ಮಾತಾಡ್ತಾನೂ ಕೇಳಿಸಿಕೊಳ್ಳೋ ಹಾಗೆ ಮಾಡೋದಕ್ಕೆ.

ಆವತ್ತು ನನಗೆ ನಿದ್ದೆ ಬರಲಿಲ್ಲ. ಯಾಕಂದ್ರೆ ಮೂರು ವರ್ಷದಿಂದ ನಮ್ಮನೆ ರಿಪೀಟರ್ ನಾನೇ.

ತೀರ್ಥಹಳ್ಳಿ ಕಡೆ ಒಂದಿಷ್ಟು ಅಡಿಕೆ ತೋಟ. ಪುಣೆಯಲ್ಲಿರೋ ಅಣ್ಣ ತನ್ನ ಪಾಲು ಮಾರ್ತೀನಿ ಅಂದ ದಿನದಿಂದ ಅಪ್ಪಯ್ಯ ಅವನ ಜೊತೆ ಮಾತಾಡಿಲ್ಲ. ಇಬ್ಬರೂ ಮಾತಾಡೋದು ನನ್ನ ಹತ್ರ. ‘ಅವನಿಗೆ ಹೇಳು, ನನ್ನ ಹೆಣ ಎತ್ತೋಕೂ ಬರೋದು ಬೇಡ’ ಅಂತ ಅಪ್ಪಯ್ಯ ಅಂದ್ರೆ, ನಾನು ಅಣ್ಣನಿಗೆ, ‘ಆರಾಮಿದ್ದಾರೆ, ಸ್ವಲ್ಪ ಬೇಜಾರಿದೆ ಅಷ್ಟೇ’ ಅಂತಿದ್ದೆ. ಅಣ್ಣ, ‘ಯಾವ ಮುಖ ಇಟ್ಕೊಂಡು ಬರ್ಲೋ’ ಅಂದ್ರೆ, ಅಪ್ಪಯ್ಯನಿಗೆ ‘ರಜೆ ಸಿಗ್ತಿಲ್ಲವಂತೆ’. ಪ್ರೀಸೆಟ್ ತಿರುಗಿಸಿ ಮಟ್ಟ ಇಳಿಸ್ತಿದ್ದೆ. ಒಳ್ಳೇದಕ್ಕೇ ಅಂತ ನಂಬಿದ್ದೆ, ಸ್ವಲ್ಪ ಹೆಮ್ಮೆಯೂ ಇತ್ತು. ಆಫೀಸಲ್ಲೂ ಕ್ಲೈಂಟ್ ಬೈಗುಳನ ಟೀಮಿಗೆ ‘ಫೀಡ್‌ಬ್ಯಾಕ್’ ಮಾಡಿ ಕೊಡೋನು ನಾನೇ ತಾನೆ?

ಸುಳ್ಳು ಹೇಳಿದೆ ಅಂತ ಅನ್ನಿಸಿರಲಿಲ್ಲ. ಧರ್ಮರಾಯನಿಗೂ ಅನ್ನಿಸಿರಲಿಕ್ಕಿಲ್ಲ. ಅಶ್ವತ್ಥಾಮ ಸತ್ತ ಅಂತ ಗಟ್ಟಿಯಾಗಿ ಹೇಳಿದ, ಆನೆ ಅನ್ನೋದನ್ನ ಮೆಲ್ಲಗೆ ಹೇಳಿದ. ಪದ ಎಲ್ಲಾ ಸರಿಯೇ ಇತ್ತು, ಇಳಿಸಿದ್ದು ವಾಲ್ಯೂಮ್ ಮಾತ್ರ. ನೆಲದಿಂದ ನಾಲ್ಕು ಬೆರಳು ಮೇಲೆ ಓಡ್ತಿದ್ದ ಅವನ ರಥ ಆಮೇಲೆ ನೆಲಕ್ಕೆ ತಾಗಿತಂತೆ.

ಮೊನ್ನೆ ಅಮ್ಮ ಬಾಯಿತಪ್ಪಿ ಆ ಹೆಣದ ಮಾತು ಅಣ್ಣನಿಗೆ ಹೇಳಿದ್ದಾಳೆ. ಅವನು ನನಗೆ ಫೋನ್ ಮಾಡಿದ. ಬೈತಾನೆ ಅಂದ್ಕೊಂಡಿದ್ದೆ, ಅಳ್ತಿದ್ದ. ‘ಅಷ್ಟು ನೋವಾಗಿದೆ ಅಂತ ಯಾಕೋ ಹೇಳಲಿಲ್ಲ? ಆವತ್ತೇ ಬಸ್ ಹತ್ತಿರ್ತಿದ್ದೆ.’

ನಿಜಕ್ಕೂ ಹತ್ತಿರ್ತಿದ್ನಾ? ಗೊತ್ತಿಲ್ಲ. ಬೈಗುಳ ಹಾಗೇ ದಾಟಿಸಿದ್ರೆ ಸಂಬಂಧ ಪೂರ್ತಿ ಕಡಿದೂ ಹೋಗಬಹುದಿತ್ತು. ಗೆಳೆಯನ ವಾದ ಬೇರೆ: ‘ರಿಪೀಟರ್ ಕೂಡ ಎಲ್ಲಾನೂ ದಾಟಿಸಲ್ಲ. ಗೊರಗೊರ ಬಂದ್ರೆ ಸ್ಕ್ವೆಲ್ಚ್ ಮುಚ್ಚತ್ತೆ.’ ಸರಿ. ಆದ್ರೆ ಯಾವುದು ಗೊರಗೊರ, ಯಾವುದು ಮಾತು ಅಂತ ನಾನು ಯಾವಾಗ ಕೇಳಿಸಿಕೊಂಡಿದ್ದೆ? ಅಪ್ಪಯ್ಯ ಮಾತಾಡ್ತಿರುವಾಗಲೇ ಇದನ್ನ ಅಣ್ಣನಿಗೆ ಹೇಗೆ ಹೇಳೋದು ಅಂತ ತಲೆಯಲ್ಲಿ ವಾಕ್ಯ ಕಟ್ಟೋಕೆ ಶುರು ಮಾಡಿರ್ತಿದ್ದೆ. ಬೈಗುಳ ಕೇಳಿಸ್ತು. ‘ಮಗನೇ ಬಾರೋ’ ಅನ್ನೋದು ಅದರ ಒಳಗೇ ಇತ್ತು, ಅದು ಕೇಳಿಸಲಿಲ್ಲ.

ಹ್ಯಾಮ್‌ಗಳಲ್ಲೊಂದು ಪದ್ಧತಿ ಇದೆ. ಇಬ್ಬರಿಗೆ ನೇರವಾಗಿ ಕೇಳಿಸ್ತಿದ್ರೆ ರಿಪೀಟರ್ ಬಿಟ್ಟು ಸಿಂಪ್ಲೆಕ್ಸ್‌ಗೆ ಹೋಗಿ ಮಾತಾಡ್ಬೇಕು.

ಕಳೆದ ಭಾನುವಾರ ಅಣ್ಣ ಊರಿಗೆ ಹೋದ. ಹನ್ನೊಂದು ಗಂಟೆಗೆ ಅಮ್ಮನ ಫೋನ್. ‘ಇಬ್ಬರೂ ಅಂಗಳದಲ್ಲಿ ನಿಂತು ಕೂಗಾಡ್ತಿದ್ದಾರೆ, ನೀನು ಸ್ವಲ್ಪ ಅಣ್ಣಂಗೆ ಹೇಳೋ.’ ಹಿಂದೆ ಅಪ್ಪಯ್ಯನ ದನಿ ಕೇಳಿಸ್ತಿತ್ತು, ಅದಕ್ಕಿಂತ ಜೋರಾಗಿ ಅಣ್ಣಂದು. ಏನು ಹೇಳ್ಬೇಕು ಅಂತ ಬಾಯಿ ತುದಿಗೆ ಬಂದಿತ್ತು.

‘ಎದುರಿಗೇ ಇದ್ದಾರಲ್ಲಮ್ಮ’ ಅಂದೆ. ಫೋನ್ ಇಡಬೇಡ ಅಂತ ಮಾತ್ರ ಹೇಳಿ, ಸುಮ್ಮನೆ ಕೇಳ್ತಾ ಕೂತೆ.