ಮುಷ್ಟಿಯುದ್ಧವೂ ಶ್ರಾವಕನ ಅನುಮೋದನೆಯೂ



ದಶಲಕ್ಷಣ ಪರ್ವದ ಮೊದಲ ದಿನವಾದ ಉತ್ತಮ ಕ್ಷಮೆಯಂದು ಬಾಕ್ಸಿಂಗ್ ಎಂಬ ಮುಷ್ಟಿಯುದ್ಧದ ಕ್ರೀಡೆಯನ್ನು ಕುರಿತು ಮಾತನಾಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಅಹಿಂಸಾಣುವ್ರತವನ್ನು ಸ್ವೀಕರಿಸಿದ ಗೃಹಸ್ಥನು ಈ ಕ್ರೀಡೆಯನ್ನು ಕಲಿಯಬಹುದೇ, ತನ್ನ ಮಕ್ಕಳಿಗೆ ಕಲಿಸಬಹುದೇ, ಕುಳಿತು ನೋಡಿ ಆನಂದಿಸಬಹುದೇ ಎಂಬ ಪ್ರಶ್ನೆಯು ಈಗ ನಮ್ಮ ಮನೆಗಳ ಒಳಗೇ ಹುಟ್ಟಿದೆ. ಸಾಗರದಾಚೆ ನಡೆಯುವ ಹೊಡೆದಾಟವು ನಮ್ಮ ಪಡಸಾಲೆಯ ಪರದೆಯ ಮೇಲೆ ಮೂಡುತ್ತಿರುವಾಗ ಈ ಪ್ರಶ್ನೆಗೆ ಬೆನ್ನು ತಿರುಗಿಸಿ ಕೂಡುವುದು ಸರಿಯಲ್ಲ.

ಈ ವಿಷಯದಲ್ಲಿ ತಿಳಿದವರಲ್ಲಿಯೇ ಏಕಾಭಿಪ್ರಾಯವಿಲ್ಲ. ಬ್ರಿಟನ್ನಿನ ವೈದ್ಯರ ಸಂಘವು ೧೯೮೨ರಲ್ಲಿ ಈ ಕ್ರೀಡೆಯ ವಿರುದ್ಧ ನಿಲುವು ತಳೆಯಿತು. ಮರುವರ್ಷ ಜಾಗತಿಕ ವೈದ್ಯಕೀಯ ಸಂಘವು ಇದನ್ನು ನಿಷೇಧಿಸಬೇಕೆಂದಿತು. ೧೯೮೪ರಲ್ಲಿ ಅಮೆರಿಕೆಯ ವೈದ್ಯಕೀಯ ಸಂಘವೂ ಅದನ್ನೇ ಹೇಳಿತು. ಸ್ವೀಡನ್ ದೇಶವು ೧೯೭೦ರಿಂದಲೇ ಹಣಕ್ಕಾಗಿ ಆಡುವ ಮುಷ್ಟಿಯುದ್ಧವನ್ನು ನಿಷೇಧಿಸಿತ್ತು. ನಾರ್ವೆ ೧೯೮೧ರಲ್ಲಿ ಹಾಗೆಯೇ ಮಾಡಿತು. ಆದರೆ ಅದೇ ಸ್ವೀಡನ್ ೨೦೦೬ರಲ್ಲಿ ಕೆಲವು ನಿಬಂಧನೆಗಳೊಡನೆ ಬಾಗಿಲು ತೆರೆಯಿತು, ನಾರ್ವೆ ೨೦೧೪ರಲ್ಲಿ ತನ್ನ ನಿಷೇಧವನ್ನು ತೆಗೆದುಹಾಕಿತು. ೧೯೦೪ರಿಂದ ಒಲಿಂಪಿಕ್ ಕೂಟದಲ್ಲಿದ್ದ ಈ ಕ್ರೀಡೆಗೆ ೨೦೧೨ರಲ್ಲಿ ಸ್ತ್ರೀಯರಿಗೂ ಪ್ರವೇಶ ದೊರೆಯಿತು. ರಾಜ್ಯಗಳ ಕಾನೂನು ಹೀಗೆ ಕಾಲಕಾಲಕ್ಕೆ ಹೊರಳುತ್ತದೆ. ವ್ರತಿಯಾದವನು ಅದರ ಮುಖ ನೋಡಿ ತನ್ನ ವ್ರತವನ್ನು ಅಳೆಯತಕ್ಕವನಲ್ಲ. ಆದರೂ ಪಕ್ಷ-ಪ್ರತಿಪಕ್ಷಗಳನ್ನು ಕೇಳದೆ ತೀರ್ಪು ಕೊಡುವುದು ಅನೇಕಾಂತವನ್ನು ಒಪ್ಪಿದವರಿಗೆ ಶೋಭಿಸುವುದಿಲ್ಲ.

ಪರವಾಗಿ ಹೇಳುವವರ ಮಾತನ್ನು ಮೊದಲು ಕೇಳೋಣ. ಈ ಕ್ರೀಡೆಯು ಬಡವರ ಮಕ್ಕಳಿಗೆ ಏಣಿಯಾಗಿದೆ ಎನ್ನುತ್ತಾರೆ. ಇದು ಸುಳ್ಳಲ್ಲ. ಮಣಿಪುರದ ಬಡ ರೈತ ಕುಟುಂಬದಲ್ಲಿ ಹುಟ್ಟಿದ ಮೇರಿ ಕೋಮ್ ಎಂಬ ಸೋದರಿಯು ಅವಳಿ ಮಕ್ಕಳ ತಾಯಿಯಾದ ಮೇಲೂ ಲಂಡನ್ನಿನಲ್ಲಿ ೨೦೧೨ರ ಕಂಚಿನ ಪದಕವನ್ನು ಗಳಿಸಿದಳು. ಅದಕ್ಕೂ ಮುನ್ನ ೨೦೦೮ರಲ್ಲಿ ಹರಿಯಾಣದ ವಿಜೇಂದರ್ ಸಿಂಗ್, ತರುವಾಯ ೨೦೨೧ರಲ್ಲಿ ಅಸ್ಸಾಮಿನ ಲವ್ಲೀನಾ ಬೊರ್ಗೊಹಾಯ್ನ್ ಇದೇ ಕ್ರೀಡೆಯಿಂದ ದೇಶಕ್ಕೆ ಕೀರ್ತಿ ತಂದರು. ಬೆಳಗಿನ ಜಾವಕ್ಕೆ ಏಳುವುದು, ಮಿತಾಹಾರ, ಬ್ರಹ್ಮಚರ್ಯ, ಗುರುವಿನ ಮಾತಿಗೆ ಎದುರಾಡದಿರುವುದು ಇವೆಲ್ಲ ಅಲ್ಲಿ ಉಂಟು. ನಮ್ಮ ಎಷ್ಟೋ ಮನೆಗಳಲ್ಲಿ ಇಲ್ಲ! ಇನ್ನು ಅಪಾಯದ ಮಾತೆತ್ತಿದರೆ, ಪರ್ವತಾರೋಹಣದಲ್ಲಿ, ಕುದುರೆ ಸವಾರಿಯಲ್ಲಿ, ಮೋಟಾರು ಪಂದ್ಯದಲ್ಲಿ ಜನ ಸಾಯುವುದಿಲ್ಲವೇ ಎಂದು ಅವರು ಕೇಳುತ್ತಾರೆ.

ಸಾಯುತ್ತಾರೆ, ನಿಜ. ಆದರೆ ಅಲ್ಲಿ ಪೆಟ್ಟು ಆಕಸ್ಮಿಕ. ಕುದುರೆಯಿಂದ ಬೀಳುವುದು ಸವಾರಿಯ ಗುರಿಯಲ್ಲ. ಮುಷ್ಟಿಯುದ್ಧದಲ್ಲಾದರೋ ಎದುರಾಳಿಯ ತಲೆಗೆ ಬೀಳುವ ಪೆಟ್ಟೇ ಗೆಲುವಿನ ಸಾಧನ. ಅವನು ಎಚ್ಚರ ತಪ್ಪಿ ನೆಲಕ್ಕುರುಳಿ, ಹತ್ತು ಎಣಿಸುವವರೆಗೆ ಏಳದೆ ಹೋದರೆ ಅದಕ್ಕಿಂತ ಪೂರ್ಣವಾದ ಜಯವಿಲ್ಲ. ನಮ್ಮ ಗರಡಿಮನೆಗಳ ಕುಸ್ತಿಯನ್ನು ನೋಡಿರಿ. ಅಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು, ಇಬ್ಬರೂ ಮೈ ಕೊಡವಿ ಎದ್ದು ಕೈ ಹಿಡಿಯುತ್ತಾರೆ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗವು ಉಗ್ರವಾದುದೇ, ಅದನ್ನು ನಾನು ಹೊಗಳಲಾರೆ; ಆದರೂ ಒಬ್ಬನ ತಲೆಯಿಂದ ಒಂದು ಹನಿ ರಕ್ತ ಕಂಡೊಡನೆ ಅದನ್ನು ನಿಲ್ಲಿಸುವ ಕಟ್ಟಳೆಯಿದೆ. ಇತ್ತ ಬಾಕ್ಸಿಂಗಿನಲ್ಲಿ ಹುಬ್ಬು ಒಡೆದು ರಕ್ತ ಸುರಿದರೆ ಮೂಲೆಯಲ್ಲಿ ಕೂರಿಸಿ, ಒರೆಸಿ, ಔಷಧ ಮೆತ್ತಿ ಮತ್ತೆ ಕಳುಹಿಸುತ್ತಾರೆ.

ಕೈಗವಸು ತೊಡುವುದರಿಂದ ಅಪಾಯ ತಗ್ಗುತ್ತದೆಂಬ ನಂಬಿಕೆಯೂ ಪರಾಮರ್ಶಿಸತಕ್ಕದ್ದು. ಇಂಗ್ಲೆಂಡಿನ ಕ್ವೀನ್ಸ್‌ಬೆರಿ ನಿಯಮಗಳು ೧೮೬೭ರಲ್ಲಿ ಪ್ರಕಟವಾಗಿ ಕೈಗವಸನ್ನೂ ಮೂರು ನಿಮಿಷಗಳ ಸುತ್ತುಗಳನ್ನೂ ಕಡ್ಡಾಯಗೊಳಿಸಿದವು. ಬರಿಗೈಯಿಂದ ತಲೆಬುರುಡೆಗೆ ಬಲವಾಗಿ ಗುದ್ದಿದರೆ ಗುದ್ದಿದವನ ಬೆರಳ ಮೂಳೆಯೇ ಮುರಿಯುತ್ತದೆ. ಮೆತ್ತನೆಯ ಗವಸು ತೊಟ್ಟವನು ಅಂಜದೆ ಅದೇ ತಲೆಗೆ ನೂರು ಸಲ ಹೊಡೆಯಬಲ್ಲ. ಹೀಗಾಗಿ ಅದು ರಕ್ಷಿಸುವುದು ಹೆಚ್ಚಾಗಿ ಹೊಡೆಯುವವನ ಕೈಯನ್ನೇ. ಮಿದುಳು ಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುವ ಮೃದುವಾದ ಅಂಗ. ಗುದ್ದಿಗೆ ತಲೆಯು ಥಟ್ಟನೆ ತಿರುಗಿದಾಗ ಮಿದುಳು ಅದೇ ವೇಗದಲ್ಲಿ ತಿರುಗಲಾರದೆ ಹಿಂದುಳಿಯುತ್ತದೆ. ಆಗ ನರತಂತುಗಳು ಜಗ್ಗುತ್ತವೆ, ಕೆಲವೊಮ್ಮೆ ಸಣ್ಣ ರಕ್ತನಾಳಗಳು ಹರಿದು ಬುರುಡೆಯೊಳಗೇ ರಕ್ತಸ್ರಾವವಾಗುತ್ತದೆ. ತಲೆಗವಸು ಕೂಡ ಚರ್ಮ ಸೀಳುವುದನ್ನು ತಡೆದೀತು, ಒಳಗಿನ ಈ ಅಲುಗಾಟವನ್ನು ತಡೆಯುವುದೆಂಬ ಭರವಸೆಯಿಲ್ಲ. ಅಂತರರಾಷ್ಟ್ರೀಯ ಸಂಸ್ಥೆಯು ೨೦೧೩ರಲ್ಲಿ ಪ್ರೌಢ ಪುರುಷರ ಸ್ಪರ್ಧೆಗಳಿಂದ ಅದನ್ನು ತೆಗೆದೇ ಬಿಟ್ಟಿತು.

ಅಮೆರಿಕೆಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯರು ೧೯೨೮ರಲ್ಲಿಯೇ, ಅನೇಕ ವರ್ಷ ಗುದ್ದು ತಿಂದವರಲ್ಲಿ ಕಾಣುವ ಒಂದು ರೋಗವನ್ನು ವರ್ಣಿಸಿದರು. ಕುಡಿಯದಿದ್ದರೂ ಕುಡಿದವನಂತೆ ನಡಿಗೆ ತೊಡರುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ, ನೆನಪು ಮಸುಕಾಗುತ್ತದೆ. ೧೯೭೩ರಲ್ಲಿ ಇಂಗ್ಲೆಂಡಿನ ಕಾರ್ಸೆಲಿಸ್ ಮತ್ತು ಸಂಗಡಿಗರು ಮೃತರಾದ ೧೫ ಮಂದಿ ಮುಷ್ಟಿಯುದ್ಧಗಾರರ ಮಿದುಳನ್ನು ಪರೀಕ್ಷಿಸಿ ಆ ಹಾನಿಯ ಗುರುತುಗಳನ್ನು ತೋರಿಸಿದರು.

ಇಲ್ಲಿ ನಮ್ಮ ಶಾಸ್ತ್ರದ ಮಾತನ್ನು ನೆನೆಯಬೇಕು. ಪ್ರಮತ್ತಯೋಗದಿಂದ ಪ್ರಾಣಗಳನ್ನು ಘಾತಿಸುವುದೇ ಹಿಂಸೆಯೆಂದು ಉಮಾಸ್ವಾಮಿ ಆಚಾರ್ಯರು ಹೇಳಿದ್ದಾರೆ. ಪ್ರಾಣವೆಂದರೆ ಉಸಿರು ಮಾತ್ರವೆಂದು ತಿಳಿಯಬಾರದು. ಸಂಜ್ಞಿ ಪಂಚೇಂದ್ರಿಯನಾದ ಮನುಷ್ಯನಿಗೆ ಹತ್ತು ಪ್ರಾಣಗಳು: ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಶ್ವಾಸೋಚ್ಛ್ವಾಸ ಮತ್ತು ಆಯು. ಈಗ ಆ ವೈದ್ಯರ ವರ್ಣನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ನೆನಪು ಅಳಿದರೆ ಮನೋಬಲದ ಘಾತ. ಮಾತು ತೊದಲಿದರೆ ವಚನಬಲದ ಘಾತ. ಕೈಕಾಲು ನಡುಗಿದರೆ ಕಾಯಬಲದ ಘಾತ. ಆಯುಪ್ರಾಣವೊಂದು ಉಳಿದಿದೆಯೆಂದು ಹಿಂಸೆಯಾಗಲಿಲ್ಲವೆನ್ನಲು ನಮ್ಮ ಶಾಸ್ತ್ರದಲ್ಲಿ ಎಡೆಯಿಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ‘ವಧ’ವೆಂಬುದು ಒಂದಷ್ಟೆ. ಅಲ್ಲಿ ವಧವೆಂದರೆ ಹೊಡೆಯುವುದೆಂದೇ ವ್ಯಾಖ್ಯಾನಕಾರರ ಅರ್ಥ, ಏಕೆಂದರೆ ಕೊಲ್ಲುವುದನ್ನು ವ್ರತಿಯು ಮೊದಲೇ ತ್ಯಜಿಸಿದ್ದಾನೆ. ಆದ್ದರಿಂದ ಅಂಕ ಗಳಿಸಲು ಮೂರು ಸುತ್ತು ಆಡುವ ಶಾಲಾ ಸ್ಪರ್ಧೆಯೂ ಅತಿಚಾರದಿಂದ ಹೊರತಲ್ಲ. ಎದುರಾಳಿಯ ಎಚ್ಚರವನ್ನೇ ಕಳೆಯಬೇಕೆಂಬ ಸಂಕಲ್ಪದಿಂದ ಹಣಕ್ಕಾಗಿ ಹೊಡೆಯುವುದು ವ್ರತಭಂಗವೇ ಸರಿ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಪಂಡಿತರಿದ್ದಾರೆ. ನನಗೆ ಅದು ಸರಿತೋರದು.

‘ಆಡುವವರಲ್ಲಿ ದ್ವೇಷವಿಲ್ಲವಲ್ಲ, ಇಬ್ಬರೂ ಒಪ್ಪಿಯೇ ಕಣಕ್ಕಿಳಿದಿದ್ದಾರಲ್ಲ?’ ಎಂಬ ಮಾತು ಬರುತ್ತದೆ. ಎಮಿಲ್ ಗ್ರಿಫಿತ್ ಎಂಬವನ ವೃತ್ತಾಂತವನ್ನು ಕೇಳಿರಿ. ೧೯೬೨ರ ಮಾರ್ಚ್ ೨೪ರಂದು ನ್ಯೂಯಾರ್ಕ್ ನಗರದಲ್ಲಿ ಅವನಿಗೂ ಕ್ಯೂಬಾದ ಬೆನ್ನಿ ಪರೆಟ್ ಎಂಬವನಿಗೂ ವಿಶ್ವಪದವಿಗಾಗಿ ಕಾಳಗ. ತೂಕ ನೋಡುವ ಹೊತ್ತಿನಲ್ಲಿ ಪರೆಟ್ ಅವನನ್ನು ಹೀನವಾಗಿ ಅಣಕಿಸಿದ್ದನು. ಹನ್ನೆರಡನೆಯ ಸುತ್ತಿನಲ್ಲಿ ಪರೆಟ್ ಮೂಲೆಯ ಹಗ್ಗಗಳಿಗೆ ಸಿಲುಕಿ ಕೈಯೆತ್ತಲಾರದೆ ನಿಂತಿದ್ದಾಗ ಗ್ರಿಫಿತ್ ಬಿಡುವಿಲ್ಲದೆ ಅವನ ತಲೆಗೆ ಗುದ್ದಿದನು. ದೂರದರ್ಶನವು ಅದನ್ನು ನೇರವಾಗಿ ಮನೆಮನೆಗೆ ತೋರಿಸುತ್ತಿತ್ತು. ಎಚ್ಚರ ತಪ್ಪಿದ ಪರೆಟ್ ಮರಳಿ ಕಣ್ಣು ತೆರೆಯಲಿಲ್ಲ. ಏಪ್ರಿಲ್ ೩ರಂದು ತೀರಿಕೊಂಡನು. ಅವನಿಗೆ ಆಗ ೨೫ ವರ್ಷ. ಮೂರೂವರೆ ತಿಂಗಳ ಹಿಂದಷ್ಟೇ ಅವನು ಇನ್ನೊಂದು ಕಾಳಗದಲ್ಲಿ ಪೆಟ್ಟು ತಿಂದು ಬಿದ್ದಿದ್ದನೆಂಬುದೂ ಎಲ್ಲರಿಗೂ ಗೊತ್ತಿತ್ತು. ಗ್ರಿಫಿತ್ ೧೯೭೭ರವರೆಗೆ ಕಣದಲ್ಲಿದ್ದನು, ಪದವಿಗಳನ್ನು ಗೆದ್ದನು, ಆದರೆ ಆ ರಾತ್ರಿಯ ನೆನಪು ಅವನನ್ನು ಬಿಡಲಿಲ್ಲ. ಮುಪ್ಪಿನಲ್ಲಿ ಅವನ ಮಿದುಳೂ ಗುದ್ದುಗಳ ಫಲದಿಂದಲೇ ಕ್ಷಯಿಸುತ್ತ ಬಂದಿತು. ೨೦೦೫ರಲ್ಲಿ ತಯಾರಾದ ಒಂದು ಸಾಕ್ಷ್ಯಚಿತ್ರದಲ್ಲಿ ಅವನು ಪರೆಟ್ಟನ ಮಗನನ್ನು ಕಂಡು ಅಪ್ಪಿಕೊಂಡನು, ೨೦೧೩ರಲ್ಲಿ ತೀರಿಕೊಂಡನು. ಉತ್ತಮ ಕ್ಷಮೆಯ ಈ ದಿನ ಆ ಅಪ್ಪುಗೆಯನ್ನು ನಾನು ಗೌರವದಿಂದ ನೆನೆಯುತ್ತೇನೆ. ಆದರೆ ಅಣಕಿನಿಂದ ಹುಟ್ಟಿದ ಕ್ರೋಧವು ನಿಯಮ, ತೀರ್ಪುಗಾರ, ವೈದ್ಯ ಇವರೆಲ್ಲರ ಕಣ್ಣೆದುರಿಗೇ ತನ್ನ ಕೆಲಸವನ್ನು ಮಾಡಿ ಮುಗಿಸಿತ್ತು. ೧೯೮೨ರ ನವೆಂಬರಿನಲ್ಲಿ ಲಾಸ್ ವೇಗಸ್ಸಿನಲ್ಲಿ ಕೊರಿಯದ ಕಿಮ್ ಡುಕ್-ಕೂ ಹದಿನಾಲ್ಕನೆಯ ಸುತ್ತಿನಲ್ಲಿ ಬಿದ್ದು ಕೆಲವೇ ದಿನಗಳಲ್ಲಿ ಸತ್ತಾಗ ದ್ವೇಷದ ಸೋಂಕೂ ಇರಲಿಲ್ಲ. ಆದರೂ ಅವನ ತಾಯಿಯೂ, ಆ ಕಾಳಗದ ತೀರ್ಪುಗಾರನೂ ಕೆಲವು ತಿಂಗಳುಗಳೊಳಗೆ ಆತ್ಮಹತ್ಯೆ ಮಾಡಿಕೊಂಡರು. ಆ ಮೇಲೆ ಹದಿನೈದು ಸುತ್ತುಗಳು ಹನ್ನೆರಡಾದವು.

ಒಬ್ಬ ಬುದ್ಧಿವಂತ ತರುಣನು ನನ್ನನ್ನು ಕೇಳಿದನು: ‘ಸ್ವಾಮೀ, ಭಗವಾನ್ ಬಾಹುಬಲಿಯೂ ಯುದ್ಧ ಮಾಡಲಿಲ್ಲವೇ?’ ಒಳ್ಳೆಯ ಪ್ರಶ್ನೆ. ಎರಡು ಸೇನೆಗಳ ಪ್ರಾಣಹಾನಿಯನ್ನು ತಪ್ಪಿಸಲೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಮಾಡಿದರೆಂದು ಜಿನಸೇನಾಚಾರ್ಯರೂ, ಅವರನ್ನು ಅನುಸರಿಸಿ ಕ್ರಿ.ಶ. ೯೪೧ರಲ್ಲಿ ನಮ್ಮ ಪಂಪನೂ ಹೇಳಿದ್ದಾರೆ. ಅದು ಹಿಂಸೆಯನ್ನು ತಗ್ಗಿಸಲು ಏರ್ಪಟ್ಟದ್ದು. ಟಿಕೆಟ್ಟು ಮಾರಿ ಜನರನ್ನು ರಂಜಿಸಲು ಏರ್ಪಟ್ಟದ್ದಲ್ಲ. ಮೇಲೆತ್ತಿದ ಅಣ್ಣನನ್ನು ಬಾಹುಬಲಿ ನೆಲಕ್ಕೆ ಅಪ್ಪಳಿಸಲಿಲ್ಲ. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರ ಕಥನದಲ್ಲಿ ಮುಷ್ಟಿಯುದ್ಧವೇ ಬರುತ್ತದೆ. ಅಲ್ಲಿ ಬಾಹುಬಲಿ ಭರತನನ್ನು ಹೊಡೆಯಲು ಎತ್ತಿದ ಮುಷ್ಟಿಯನ್ನು ತಡೆದು, ಅದೇ ಮುಷ್ಟಿಯಿಂದ ತನ್ನ ಕೇಶವನ್ನು ಕಿತ್ತು ದೀಕ್ಷಿತನಾದನು. ಕೇಶಲೋಚಕ್ಕೆ ಪಂಚಮುಷ್ಟಿಯೆಂಬ ಹೆಸರು ನಮ್ಮಲ್ಲಿದೆಯಲ್ಲ, ಆ ಮುಷ್ಟಿಯನ್ನು ಆ ತರುಣನು ಮರೆತಿದ್ದನು.

ನಾವು ಕಣಕ್ಕಿಳಿದಿಲ್ಲ, ನೋಡಿದೆವು ಅಷ್ಟೇ ಎನ್ನುವವರೇ ನಮ್ಮಲ್ಲಿ ಹೆಚ್ಚು. ಅವರಿಗೇ ನನ್ನ ಮುಖ್ಯವಾದ ಮಾತು. ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಾಗಿಲುಗಳನ್ನೂ ಮುಚ್ಚಿದಾಗಲೇ ವ್ರತವು ಪೂರ್ಣ. ಇತರರ ಜಯ-ಪರಾಜಯ, ವಧ-ಬಂಧನಗಳು ಹೇಗಾದೀತೆಂದು ಮನಸ್ಸಿನಲ್ಲಿ ಚಿಂತಿಸುವುದನ್ನು ಪೂಜ್ಯಪಾದಾಚಾರ್ಯರು ಅಪಧ್ಯಾನವೆಂಬ ಅನರ್ಥದಂಡವೆಂದರು. ಪರದೆಯ ಮುಂದೆ ಕುಳಿತು ‘ಹೊಡಿ, ಇನ್ನೊಂದು ಹೊಡಿ’ ಎಂದು ಕೂಗುವವನ ಚಿತ್ತಕ್ಕೆ ಇದಕ್ಕಿಂತ ಸ್ಪಷ್ಟವಾದ ಲಕ್ಷಣವನ್ನು ಯಾರು ಬರೆದಾರು? ಅವನಿಗೆ ಪದವಿಯಿಲ್ಲ, ಹಣವಿಲ್ಲ, ಬಡತನದ ನೆಪವೂ ಇಲ್ಲ. ಬೀಳುವವನ ಬೀಳುವಿಕೆಯಿಂದ ಅವನಿಗೆ ದೊರೆಯುವುದು ಹಿಂಸಾನಂದವೆಂಬ ರೌದ್ರಧ್ಯಾನ ಮಾತ್ರ. ಹಸಿವಿಗಾಗಿ ಗುದ್ದಾಡುವ ಹುಡುಗನಿಗಿಂತ ಸೋಫಾದ ಮೇಲೆ ಒರಗಿದ ಶ್ರಾವಕನ ಬಂಧವೇ ಗಾಢವೆಂದು ನನ್ನ ಅಭಿಪ್ರಾಯ. ಪಣವನ್ನೂ ಕಟ್ಟಿದನಾದರೆ ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತವೂ ಜೊತೆಗೂಡಿತು.

ಉಪವಾಸದ ವಿಷಯವಾಗಿಯೂ ಒಂದು ಮಾತಿದೆ. ಈ ಕ್ರೀಡೆಯವರು ತೂಕದ ವರ್ಗಕ್ಕೆ ಇಳಿಯಲು ಅನ್ನ-ನೀರು ಬಿಡುತ್ತಾರೆ, ಬಿಸಿ ಕೋಣೆಯಲ್ಲಿ ದಪ್ಪ ಬಟ್ಟೆ ಹೊದ್ದು ಬೆವರುತ್ತಾರೆ. ಇದನ್ನು ಕಂಡು ‘ಇವರೂ ತಪಸ್ವಿಗಳೇ’ ಎಂದವರನ್ನು ನಾನು ಬಲ್ಲೆ. ಕಷಾಯ, ವಿಷಯ, ಆಹಾರ ಈ ಮೂರನ್ನೂ ಬಿಟ್ಟರೆ ಉಪವಾಸ. ಆಹಾರವೊಂದನ್ನೇ ಬಿಟ್ಟರೆ ಲಂಘನ. ತೂಕ ನೋಡಿ ಮುಗಿದ ಕೂಡಲೇ ಇನ್ನೊಬ್ಬನನ್ನು ಕೆಡವಲೆಂದು ಉಣ್ಣುವವನದು ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಬೆಳೆಯುವ ಹುಡುಗನನ್ನು ತರಬೇತುದಾರನು ಹೀಗೆ ಉಪವಾಸ ಕೆಡವಿದರೆ ಅದು ಅನ್ನಪಾನನಿರೋಧವೆಂಬ ಇನ್ನೊಂದು ಅತಿಚಾರ.

ಒಬ್ಬ ತಂದೆಯು, ತಾನು ಅಣುವ್ರತಿ, ಹದಿನಾರರ ಮಗ ತರಬೇತಿ ಶಿಬಿರಕ್ಕೆ ಆಯ್ಕೆಯಾಗಿದ್ದಾನೆ, ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಲೇ ಎಂದು ಕೇಳಿದರು. ಆ ಸಹಿಯು ಕಾರಿತವಾಗುತ್ತದೆ, ಹಾಕಬೇಡಿರಿ ಎಂದೆನು. ಮಗನನ್ನು ಬೈಯಬೇಡಿರಿ, ಓಟಕ್ಕೋ ಕುಸ್ತಿಗೋ ಕಳುಹಿಸಿರಿ ಎಂದೂ ಹೇಳಿದೆನು. ಹುಡುಗ ಮುನಿಸಿಕೊಂಡಿದ್ದಾನಂತೆ, ಮುನಿಸು ಸಹಜ. ಹೆಣ್ಣುಮಕ್ಕಳು ಆತ್ಮರಕ್ಷಣೆಗಾಗಿ ಚೀಲಕ್ಕೆ ಗುದ್ದಿ ಅಭ್ಯಾಸ ಮಾಡುವುದಕ್ಕೆ ನನ್ನ ಅಡ್ಡಿಯಿಲ್ಲ, ವಿರೋಧೀ ಹಿಂಸೆಯ ತ್ಯಾಗವನ್ನು ಗೃಹಸ್ಥರಿಗೆ ಆಚಾರ್ಯರು ವಿಧಿಸಿಲ್ಲ. ಈಗಾಗಲೇ ಈ ಕ್ರೀಡೆಯಿಂದ ಸೈನ್ಯದಲ್ಲೋ ಪೊಲೀಸಿನಲ್ಲೋ ನೌಕರಿ ಪಡೆದ ತರುಣರನ್ನು ಸಮಾಜದವರು ಹೀಯಾಳಿಸಕೂಡದು.

ನೋಡುವುದನ್ನು ಬಿಡಲು ಇಚ್ಛಿಸುವವರು ಇಂದಿನಿಂದ ಅನಂತ ಚತುರ್ದಶಿಯವರೆಗೆ, ಶಕ್ತಿಯಿದ್ದವರು ಒಂದು ವರ್ಷದವರೆಗೆ, ನಿಯಮವನ್ನು ತೆಗೆದುಕೊಳ್ಳಬಹುದು. ಇದಕ್ಕೆ ಉದ್ಯಾಪನೆಯಿಲ್ಲ, ಖರ್ಚಿಲ್ಲ. ಜಿನಬಿಂಬದ ಮುಂದೆ ಮೂರು ಸಲ ಣಮೋಕಾರ ಮಂತ್ರ ಹೇಳಿ ಕಾಲಾವಧಿಯನ್ನು ಮನಸ್ಸಿನಲ್ಲಿ ನಿಶ್ಚಯಿಸಿದರೆ ಸಾಕು. ಮರೆತು ನೋಡಿದವರು ಅಂದು ಒಂದು ರಸವನ್ನು ತ್ಯಜಿಸಿ ಊಟಮಾಡಿ, ಮರುದಿನದಿಂದ ಮುಂದುವರಿಸಲಿ.