ಇಂದಿನ ಧಮ್ಮ ಚಿಂತನೆ: ದಾನ, ಕೈಯಿಂದ ಕೈಗೆ

 

ಹತ್ತು ಪಾರಮಿಗಳಲ್ಲಿ ಮೊದಲನೆಯದು ದಾನ. ಆದರೆ ಆ ಮಾತು ಕಿವಿಗೆ ಬಿದ್ದರೆ ನಮ್ಮ ಓಣಿಯ ಹಿರಿಯರ ಮುಖ ಬಿಗಿಯುತ್ತದೆ. ಅದಕ್ಕೆ ಕಾರಣವಿದೆ. ಸುಗ್ಗಿ ಮುಗಿದ ಮೇಲೆ ದೊಡ್ಡವರ ಮನೆಯ ಹಿತ್ತಲಲ್ಲಿ ನಮ್ಮವ್ವನಿಗೆ ಹಳೆ ಸೀರೆ ಸಿಗುತ್ತಿತ್ತು. ಕೈಗೆ ಕೊಡುತ್ತಿರಲಿಲ್ಲ, ಮೇಲಿನಿಂದ ಉಡಿಗೆ ಬಿಡುತ್ತಿದ್ದರು. "ಬ್ಯಾಡ ಅನ್ನಾಕೂ ಆಗತಿರಲಿಲ್ಲ, ಉಟ್ಟರ ಮೈಗೆ ಹತ್ತತಿರಲಿಲ್ಲ" ಎಂದು ಅವ್ವ ಈಗಲೂ ಹೇಳುತ್ತಾಳೆ.

ಇದು ಒಬ್ಬ ಮನೆಯವರ ಗುಣವಲ್ಲ, ಶಾಸ್ತ್ರ. ಸತ್ತವರ ಬಟ್ಟೆಯೇ ಚಾಂಡಾಲರ ಉಡುಗೆ ಎಂದು ಮನುಸ್ಮೃತಿ ವಿಧಿಸಿತ್ತು. ಆ ಗ್ರಂಥವನ್ನು 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಸುಡಲಾಯಿತು. ಅದೇ ಸಮ್ಮೇಳನದ ದಿನಗಳಲ್ಲಿ ಬಾಬಾಸಾಹೇಬರು ನಮ್ಮ ತಾಯಂದಿರಿಗೆ, ಉಡುಗೆ ನೋಡಿಯೇ ಜಾತಿ ಗುರುತಿಸುವಂತೆ ಇರಬೇಡಿ, ಸ್ವಚ್ಛವಾಗಿ ಉಡಿ ಎಂದು ಬುದ್ಧಿ ಹೇಳಿದರು.

ಹಾಗಾದರೆ ಕಷ್ಟದಲ್ಲಿರುವವರಿಗೆ ಉಟ್ಟ ಬಟ್ಟೆ ಕೊಡುವುದೇ ಅವಮಾನವೇ?

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ನಮ್ಮ ಶಾಲೆಯೇ ಗಂಜಿ ಕೇಂದ್ರವಾಗಿತ್ತು. ಊರೂರುಗಳಿಂದ ಬಟ್ಟೆಯ ಮೂಟೆಗಳು ಬಂದವು. ಬಿಚ್ಚಿ ವಿಂಗಡಿಸುವ ಕೆಲಸ ನಮ್ಮ ಪಾಲಿಗೆ ಬಂತು. ಲಾಡಿ ಇಲ್ಲದ ಲಂಗ, ಗುಂಡಿ ಇಲ್ಲದ ಅಂಗಿ, ಒಂಟಿ ಚಪ್ಪಲಿ, ಕಮಟು ವಾಸನೆಯ ಸ್ವೆಟರ್. ಅವುಗಳ ನಡುವೆಯೇ ಯಾರೋ ಒಗೆದು, ಇಸ್ತ್ರಿ ಮಾಡಿ, ಜೋಡಿ ಮಾಡಿ ಕಟ್ಟಿದ ಮಕ್ಕಳ ಬಟ್ಟೆಯೂ ಇತ್ತು. ಎರಡೂ ಹಳೆಯವೇ. ಒಂದು ಮನೆ ಖಾಲಿ ಮಾಡಿದ್ದು, ಇನ್ನೊಂದು ದಾನ. ಹೆಂಗಸರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದು ಒಳಉಡುಪು ಮತ್ತು ಮುಟ್ಟಿನ ಬಟ್ಟೆ. ಅಷ್ಟೊಂದು ಮೂಟೆಗಳಲ್ಲಿ ಅದನ್ನು ನೆನೆದವರು ಒಬ್ಬರೂ ಇರಲಿಲ್ಲ.

ಸತ್ಪುರುಷನ ದಾನಕ್ಕೆ ಭಗವಾನ್ ಬುದ್ಧರು ಐದು ಲಕ್ಷಣ ಹೇಳಿದ್ದಾರೆ. ಅಂಗುತ್ತರ ನಿಕಾಯದಲ್ಲಿದೆ. ಅವನು ಗೌರವದಿಂದ ಕೊಡುತ್ತಾನೆ, ಮನಸ್ಸಿಟ್ಟು ಕೊಡುತ್ತಾನೆ, ತನ್ನ ಕೈಯಿಂದ ಕೊಡುತ್ತಾನೆ, ಎಸೆಯಬೇಕಾದದ್ದನ್ನು ಕೊಡುವುದಿಲ್ಲ, ಇದಕ್ಕೆ ಫಲವಿದೆ ಎಂದು ತಿಳಿದು ಕೊಡುತ್ತಾನೆ. ಅವ್ವನ ಉಡಿಗೆ ಬಿದ್ದ ಸೀರೆಯನ್ನು ಈ ಐದರ ಮುಂದೆ ಇಟ್ಟು ನೋಡಿ, ಕೊರತೆ ಎಲ್ಲಿತ್ತು ಎಂದು ತಿಳಿಯುತ್ತದೆ. ಕೊರತೆ ಸೀರೆಯಲ್ಲಿರಲಿಲ್ಲ.

ಹಳೆಯದನ್ನು ಬುದ್ಧರ ಸಂಘ ಕೀಳಾಗಿ ಕಾಣಲಿಲ್ಲ. ಕೌಶಾಂಬಿಯಲ್ಲಿ ಆನಂದರಿಗೆ 500 ಚೀವರಗಳು ದಾನ ಬಂದಾಗ, ಇಷ್ಟೊಂದು ಏನು ಮಾಡುತ್ತೀರಿ ಎಂದು ರಾಜ ಉದೇನ ಕೇಳಿದ. ಚೀವರ ಹರಿದ ಭಿಕ್ಖುಗಳಿಗೆ ಹಂಚುತ್ತೇವೆ ಎಂದರು ಆನಂದರು. ಹಳೆಯವು? ಹಾಸುಗೆಯ ಹೊದಿಕೆಯಾಗುತ್ತವೆ. ಅವೂ ಹಳತಾದರೆ? ನೆಲಹಾಸು, ಆಮೇಲೆ ಕಾಲೊರಸು, ಆಮೇಲೆ ಧೂಳೊರಸುವ ಬಟ್ಟೆ, ಕೊನೆಗೆ ಚೂರು ಮಾಡಿ ಮಣ್ಣಿನಲ್ಲಿ ಕಲಸಿ ನೆಲ ಸಾರಿಸುತ್ತೇವೆ. ರಾಜನಿಗೆ ಸಂತೋಷವಾಗಿ ಇನ್ನೂ 500 ವಸ್ತ್ರಗಳನ್ನು ಕೊಟ್ಟ.

ನಮ್ಮ ಕಾಲದಲ್ಲಿ ಇದನ್ನು ನೆನಪಿಸುವ ಕೆಲಸ 'ಗೂಂಜ್' ಸಂಸ್ಥೆಯದು. ಅಂಶು ಗುಪ್ತಾ ಅವರು 1999ರಲ್ಲಿ ದಿಲ್ಲಿಯಲ್ಲಿ ತಮ್ಮ ಮನೆಯ 67 ಬಟ್ಟೆಗಳಿಂದ ಇದನ್ನು ಆರಂಭಿಸಿದರು. 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪಟ್ಟಣಗಳಲ್ಲಿ ಸಂಗ್ರಹಿಸಿದ ಸಾಮಾನನ್ನು ವಿಂಗಡಿಸಿ, ಪಡೆಯುವವರ ಅಗತ್ಯಕ್ಕೆ ಹೊಂದುವಂತೆ ಕಟ್ಟಿ ಕಳಿಸುತ್ತಾರೆ. ಉಡಲಾಗದ ಬಟ್ಟೆ ಕೌದಿಯಾಗುತ್ತದೆ, ಚೀಲವಾಗುತ್ತದೆ. ಹತ್ತಿ ಬಟ್ಟೆ ಶುದ್ಧವಾಗಿ ಮುಟ್ಟಿನ ಪ್ಯಾಡ್ ಆಗುತ್ತದೆ. ಹಳ್ಳಿಗಳಲ್ಲಿ ಜನ ತಮ್ಮೂರಿಗೆ ಬೇಕಾದ ಕೆಲಸವನ್ನು ತಾವೇ ಆರಿಸಿಕೊಂಡು ಬಾವಿ ತೋಡುತ್ತಾರೆ, ರಸ್ತೆ ಸರಿಪಡಿಸುತ್ತಾರೆ. ಸಾಮಾನು ಆ ದುಡಿಮೆಗೆ ಸಲ್ಲುತ್ತದೆ.

ಇದೂ ಬಿಟ್ಟಿ ಚಾಕರಿಯಲ್ಲವೇ ಎಂದು ನಮ್ಮವರು ಕೇಳಬಹುದು. ಕೇಳಲೇಬೇಕು. ಬಿಟ್ಟಿಯಲ್ಲಿ ದುಡಿಮೆ ಇನ್ನೊಬ್ಬರ ಮನೆಗೆ; ಇಲ್ಲಿ ತೋಡುವುದು ತಮ್ಮದೇ ಬಾವಿ. ಆದರೆ ಅದು ನಿಜವಾಗಿ ತಮ್ಮದಾಗಬೇಕಾದರೆ ಬಾವಿ ಯಾವ ಓಣಿಯಲ್ಲಿ, ನೀರು ಯಾರಿಗೆ ಎಂದು ತೀರ್ಮಾನಿಸುವಾಗ ನಮ್ಮವರೂ ಸಮನಾಗಿ ಕುಳಿತಿರಬೇಕು. ಚವದಾರ್ ಕೆರೆಯ ಪ್ರಶ್ನೆ ಇನ್ನೂ ಮುಗಿದಿಲ್ಲ. 2004ರ ಸುನಾಮಿಯಲ್ಲಿ ನಾಗಪಟ್ಟಣಂ ಕಡೆ ದಲಿತರು ಪರಿಹಾರ ಶಿಬಿರಗಳಲ್ಲೂ ತಾರತಮ್ಯ ಉಂಡರು. ಹಂಚುವ ಕೈಯಲ್ಲಿ ಜಾತಿಯಿದ್ದರೆ ಹೊಸ ಬಟ್ಟೆಯೂ ಮೇಲಿನಿಂದಲೇ ಬೀಳುತ್ತದೆ.

ಬಂಧುಗಳೇ, ಬಾಬಾಸಾಹೇಬರ ದಯೆಯಿಂದ ಇಂದು ನಮ್ಮಲ್ಲಿ ಎಷ್ಟೋ ಮನೆಗಳಿಗೆ ಸಂಬಳ ಬರುತ್ತದೆ, ಬೀರು ತುಂಬಿದೆ. ಪಡೆಯುವ ಸಾಲಿನಲ್ಲಿದ್ದ ನಾವು ಕೊಡುವ ಸಾಲಿಗೆ ಬಂದಿದ್ದೇವೆ. ಮೇಲಿನಿಂದ ಬೀಳುವುದು ಹೇಗಿರುತ್ತದೆ ಎಂದು ನಮ್ಮಷ್ಟು ಬಲ್ಲವರಿಲ್ಲ. ಆದ್ದರಿಂದ ಹಾಗೆ ಕೊಡುವ ಹಕ್ಕು ನಮಗಂತೂ ಇಲ್ಲ.

*ಇಂದಿನ ಅಭ್ಯಾಸ:* ಬೀರುವಿನಿಂದ ಒಂದು ಒಳ್ಳೆಯ ಬಟ್ಟೆ ತೆಗೆಯಿರಿ. ಒಗೆಯಿರಿ, ಗುಂಡಿ ಹಚ್ಚಿ, ಲಾಡಿ ಹಾಕಿ. ಯಾರಿಗೆ ಏನು ಬೇಕೆಂದು ಮೊದಲು ಕೇಳಿ. ಕೊಡುವಾಗ ಹೆಸರು ಹಿಡಿದು, ಅಕ್ಕ, ಅಣ್ಣ ಎಂದು ಕರೆದು ಕೈಗೆ ಕೊಡಿ. ಫೋಟೋ ಬೇಡ.

ಭವತು ಸಬ್ಬ ಮಂಗಲಂ. ಜೈಭೀಮ್.