ಸಮಾಧಾನ ಹೇಳುವ ಕನಸುಗಳು

ಫ್ಯಾಂಟಸಿ ಕಥೆಗಳಲ್ಲಿ ನಾಯಕ ಎಲ್ಲವನ್ನೂ ಕಳೆದುಕೊಂಡು ಮಲಗಿದ ರಾತ್ರಿ ಒಂದು ಕನಸು ಬೀಳುತ್ತದೆ. ತೀರಿಹೋದ ತಾಯಿ ಬಂದು ತಲೆ ಸವರುತ್ತಾಳೆ. ಬೆಳಗ್ಗೆ ಅವನು ಮತ್ತೆ ಕತ್ತಿ ಹಿಡಿಯುತ್ತಾನೆ. ಇದು ಲೇಖಕ ಕೊಡುವ ಅಗ್ಗದ ಸಾಂತ್ವನವೇ, ಅಥವಾ ಇದರಲ್ಲಿ ಸತ್ಯವೂ ಇದೆಯೇ? ನಮ್ಮ ಹಳೆಯ ಅದ್ಭುತ ಕಥೆಗಳು ಈ ಪ್ರಶ್ನೆಯನ್ನು ಆಗಲೇ ಎದುರಿಸಿವೆ ಎಂದು ನನಗನ್ನಿಸುತ್ತದೆ.

ಪಂಪನ ಆದಿಪುರಾಣದಲ್ಲಿ (ಕ್ರಿ.ಶ. 941) ಮರುದೇವಿ 16 ಕನಸುಗಳನ್ನು ಕಾಣುತ್ತಾಳೆ. ಹುಟ್ಟುವ ಮಗ ತೀರ್ಥಂಕರನಾಗುತ್ತಾನೆಂದು ನಾಭಿರಾಜ ಅರ್ಥ ಹೇಳುತ್ತಾನೆ. ಇದು ಶುಭದ ಕನಸೇ. ಆದರೆ ತೀರ್ಥಂಕರನಾಗುವ ಮಗ ಒಂದು ದಿನ ಮನೆ, ರಾಜ್ಯ ಎರಡನ್ನೂ ಬಿಟ್ಟು ನಡೆಯುವವನು. ಆ ಸಂತೋಷದೊಳಗೇ ಅಗಲಿಕೆಯೂ ಇದೆ.

ನಮ್ಮ ಹೊಳೆನರಸೀಪುರದ ನೆರೆಯ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಇದಕ್ಕೆ ಎದುರಾದ ಕಥೆಯಿದೆ. ಜೈನ ಐತಿಹ್ಯದಂತೆ ಚಂದ್ರಗುಪ್ತನೂ 16 ಕನಸು ಕಂಡ. ಅವು ಕೇಡಿನ ಸೂಚನೆಗಳು. ಹನ್ನೆರಡು ಹೆಡೆಯ ಹಾವೆಂದರೆ 12 ವರ್ಷದ ಬರ ಎಂದರು ಭದ್ರಬಾಹು. ‘ಏನೂ ಆಗದು’ ಎಂದು ಅವರು ರಾಜನನ್ನು ಸಂತೈಸಲಿಲ್ಲ. ಸಂಘ ದಕ್ಷಿಣಕ್ಕೆ ಹೊರಟಿತು, ರಾಜನೂ ಸಿಂಹಾಸನ ಬಿಟ್ಟು ಜೊತೆಗೆ ಬಂದ. ಚಿಕ್ಕಬೆಟ್ಟದ ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರಗಳಲ್ಲಿ ಇವರಿಬ್ಬರ ಕಥೆ ಕೆತ್ತಲಾಗಿದೆ.

ಮೂರನೆಯದು ಹೊಯ್ಸಳರ ಕಾಲದ ಜನ್ನನ ಯಶೋಧರ ಚರಿತೆ (1209). ಹೆಂಡತಿ ಅಮೃತಮತಿ ಮಾವುತನಿಗೆ ಒಲಿದದ್ದನ್ನು ಕಂಡ ಯಶೋಧರ, ಅದನ್ನು ತಾಯಿಯ ಮುಂದೆ ಆಡಲಾರದೆ ಕೆಟ್ಟ ಕನಸೆಂದು ಮರೆಮಾಚಿ ಹೇಳುತ್ತಾನೆ. ಹೆದರಿದ ತಾಯಿ ಬಲಿ ಕೊಡು ಎನ್ನುತ್ತಾಳೆ. ಕೊಲ್ಲಲು ಅವನು ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನ ಹುಂಜವನ್ನು ಕಡಿಯುವುದೆಂದಾಗುತ್ತದೆ. ಕತ್ತಿ ತಾಗಿದಾಗ ಹಿಟ್ಟಿನ ಹುಂಜ ಕೂಗುತ್ತದೆ. ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ಅಲೆಯುತ್ತಾರೆ. ಇಲ್ಲಿ ಸತ್ಯವನ್ನು ಮುಚ್ಚಿದ ಮಾತಿಗೆ ಸಿಕ್ಕ ಪರಿಹಾರವೂ ಸೋಗಿನದೇ.

ದುಃಖದಲ್ಲಿರುವವರಿಗೆ ಒಂದು ರಾತ್ರಿಯ ನಿದ್ದೆಯೇ ದೊಡ್ಡದು, ಅದಕ್ಕೂ ಪರೀಕ್ಷೆಯೇ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ತೀರಿಕೊಂಡವರು ಕನಸಿನಲ್ಲಿ ಬಂದರೆ ಯಾರೂ ಲೆಕ್ಕ ಕೇಳಬಾರದು. ಆದರೆ ಕಥೆ ಮರುದಿನವೂ ಮುಂದುವರಿಯಬೇಕು. ಹ್ಯಾರಿ ಪಾಟರ್ ಕನ್ನಡಿಯಲ್ಲಿ ಸತ್ತ ತಂದೆತಾಯಿಯನ್ನು ನೋಡುತ್ತಾ ರಾತ್ರಿಗಳನ್ನು ಕಳೆದಾಗ, ಡಂಬಲ್ಡೋರ್ ಅವನನ್ನು ಬೈಯುವುದಿಲ್ಲ. ಕನ್ನಡಿಯನ್ನು ಬೇರೆಡೆಗೆ ಸಾಗಿಸುತ್ತೇನೆ, ಹುಡುಕಿಕೊಂಡು ಹೋಗಬೇಡ ಎನ್ನುತ್ತಾನೆ. ಒಳ್ಳೆಯ ಫ್ಯಾಂಟಸಿಯೂ ಹೀಗೆಯೇ ಒಂದು ಹೊತ್ತು ಮಡಿಲು ಕೊಟ್ಟು, ಬೆಳಗಾದ ಮೇಲೆ ಎಬ್ಬಿಸುತ್ತದೆ.